ಮಗು ಯಾರ ಪಾಲು?

ಭಾನುವಾರದ ಬಲಿಪೂಜೆ ಮುಗಿದಿದೆ. ದೇವಾಲಯದ ಅಂಗಳದಲ್ಲಿ ಎಂಟು ವರ್ಷದ ಬಾಲಕನೊಬ್ಬ ತಾಯಿಯ ಕೈ ಹಿಡಿದು ನಿಂತಿದ್ದಾನೆ. ಗೇಟಿನ ಬಳಿ ಅವನ ತಂದೆ ಕಾಯುತ್ತಿದ್ದಾರೆ. ಅವರಿಬ್ಬರೂ ಬೇರೆ ಬೇರೆ ವಾಸಿಸತೊಡಗಿ ವರ್ಷವಾಯಿತು. ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಿಲ್ಲ. ಬಾಲಕ ತಂದೆಯ ಕಡೆಗೆ ಒಂದು ಹೆಜ್ಜೆ ಇಟ್ಟು, ತಾಯಿಯ ಮುಖ ನೋಡಿ, ಹಿಂದಕ್ಕೆ ಸರಿಯುತ್ತಾನೆ. ಇಂತಹ ದೃಶ್ಯ ನಮ್ಮ ಧರ್ಮಕೇಂದ್ರಗಳಿಗೆ ಅಪರಿಚಿತವಲ್ಲ. ಆ ಒಂದು ಹೆಜ್ಜೆಗೆ ಅಪ್ಪಣೆ ಕೊಡುವ ಅಧಿಕಾರ ಯಾರದು?

ಆದೇಶವಿಲ್ಲದಿರುವಾಗ ಎರಡು ತಪ್ಪು ಭಾವನೆಗಳು ಬೇರೂರುತ್ತವೆ. ಮಗುವನ್ನು ಇಟ್ಟುಕೊಂಡವರು, 'ಮಗು ನನ್ನ ಬಳಿ ಇದೆ, ನಿರ್ಧಾರವೂ ನನ್ನದೇ' ಎನ್ನುತ್ತಾರೆ. ಇನ್ನೊಬ್ಬರು, 'ತಡೆಯುವ ಆದೇಶವಿಲ್ಲ, ಶಾಲೆಯಿಂದಲೇ ಕರೆದೊಯ್ಯುತ್ತೇನೆ' ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಮಗು ಆಸ್ತಿಯಾಗಿದೆ.

ಕಾನೂನು ಹಾಗೆ ನೋಡುವುದಿಲ್ಲ. ಕ್ರೈಸ್ತರಿಗೂ ಅನ್ವಯಿಸುವ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ, ಪಾಲಕರನ್ನು ನೇಮಿಸುವಾಗ ಮಗುವಿನ ಹಿತವನ್ನು ಗಮನಿಸಬೇಕೆನ್ನುತ್ತದೆ. ತಂದೆಯನ್ನಷ್ಟೇ ಹೆಸರಿಸಿದ್ದ ಅದರ 19ನೆಯ ಕಲಮಿಗೆ 2010ರಲ್ಲಿ ತಾಯಿಯನ್ನೂ ಸೇರಿಸಲಾಯಿತು. ಕ್ರೈಸ್ತ ದಂಪತಿಯೊಬ್ಬರ ಪ್ರಕರಣದಲ್ಲಿ 1973ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಕ್ಕಳು ಹೆತ್ತವರ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂಬ ನಿಲುವು ತಳೆಯಿತು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಹಿತಕ್ಕೆ ವಿರುದ್ಧವಾಗದ ಹೊರತು, ಇಬ್ಬರೊಂದಿಗೂ ಒಡನಾಟ ಉಳಿಸಿಕೊಳ್ಳುವುದು ಮಗುವಿನ ಹಕ್ಕೆಂದು ಅದು ಸಾರುತ್ತದೆ. ಹಾಗಾದರೆ ಭೇಟಿ ಎಂಬುದು ತಾಯಿ ತಂದೆಗೆ ಕೊಡುವ ಭಿಕ್ಷೆಯೂ ಅಲ್ಲ, ತಂದೆ ತಾಯಿಯಿಂದ ಕಸಿಯುವ ಗೆಲುವೂ ಅಲ್ಲ. ಅದು ಮಗುವಿಗೆ ಸಲ್ಲಬೇಕಾದ ಋಣ.

ಇಲ್ಲಿ ಸೊಲೊಮೋನನ ತೀರ್ಪು ನೆನಪಾಗುವುದು ಸಹಜ. ಆದರೆ ಅವನ ಮುಂದೆ ನಿಂತ ಇಬ್ಬರಲ್ಲಿ ಒಬ್ಬಳು ಮಾತ್ರ ನಿಜವಾದ ತಾಯಿ. ನಮ್ಮ ಅಂಗಳದಲ್ಲಿ ಇಬ್ಬರೂ ನಿಜವಾದ ಹೆತ್ತವರೇ. ಸಿಂಹಾಸನವಿಲ್ಲ, ಖಡ್ಗವಿಲ್ಲ, ತೀರ್ಪುಗಾರನೂ ಇಲ್ಲ. ಮಗು ಇಬ್ಭಾಗವಾಗದಂತೆ ತಮ್ಮ ಹಠವನ್ನು ಬಿಟ್ಟುಕೊಡುವ ಹೊಣೆ ಇಬ್ಬರ ಮೇಲೂ ಇದೆ.

'ಖರ್ಚಿಗೆ ಹಣ ಕೊಡದವನಿಗೆ ಮಗುವನ್ನೇಕೆ ತೋರಿಸಬೇಕು?' ಎಂಬ ಪ್ರಶ್ನೆಯಲ್ಲಿ ನೋವಿದೆ. 'ಮಗುವನ್ನು ತೋರಿಸದವಳಿಗೆ ಹಣವೇಕೆ?' ಎಂಬುದರಲ್ಲೂ ನೋವಿದೆ. ಆದರೆ ಅನ್ನವೂ ಒಡನಾಟವೂ ಮಗುವಿಗೆ ಸಲ್ಲಬೇಕಾದ ಎರಡು ಬೇರೆ ಬೇರೆ ಸಾಲಗಳು. ಒಂದನ್ನು ತೀರಿಸಲಿಲ್ಲವೆಂದು ಇನ್ನೊಂದನ್ನು ತಡೆಹಿಡಿದರೆ, ಎರಡರ ನಷ್ಟವೂ ಮಗುವಿನ ಪಾಲಿಗೇ ಬರುತ್ತದೆ.

ಹಾಗೆಂದು ಎಲ್ಲ ಮನೆಗಳಿಗೂ ಒಂದೇ ಮಾತು ಹೇಳಲಾಗದು. ಹೊಡೆತ, ಬೆದರಿಕೆ, ಕುಡಿತದ ಹಾವಳಿ ಇರುವಲ್ಲಿ 'ಹೊಂದಿಕೊಂಡು ಹೋಗಿ' ಎನ್ನುವುದು ಉಪದೇಶವಲ್ಲ, ಅನ್ಯಾಯ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ತಾಯಿಗೆ ಒಪ್ಪಿಸಬಹುದು. ಹಾನಿಯಾಗುವಂತಿದ್ದರೆ ಭೇಟಿಯನ್ನೂ ನಿರಾಕರಿಸಬಹುದು. ಅಂಥಲ್ಲಿ ನ್ಯಾಯಾಲಯಕ್ಕೆ ಹೋಗುವುದು ಅವಮಾನವಲ್ಲ.

ಅಪಾಯವಿಲ್ಲದ ಮನೆಗಳಲ್ಲೂ ಒಂದು ಭಯ ಉಳಿಯುತ್ತದೆ: ಕಳುಹಿಸಿದ ಮಗು ಹಿಂದಿರುಗದಿದ್ದರೆ? ಈ ಭಯವನ್ನು ಹಗುರವಾಗಿ ಕಾಣಬಾರದು. ಇಬ್ಬರೂ ನಂಬುವ ಹಿರಿಯರ ಅಥವಾ ಧರ್ಮಕೇಂದ್ರದ ಗುರುಗಳ ಎದುರು ದಿನ, ಸಮಯ, ಶಾಲಾ ರಜೆ, ದೂರವಾಣಿ ಕರೆಗಳ ಕುರಿತು ಬರೆದಿಡುವುದು ಲೇಸು. ಆ ಕಾಗದಕ್ಕೆ ನ್ಯಾಯಾಲಯದ ಆದೇಶದ ಬಲವಿಲ್ಲ. ಮುರಿದರೆ ನ್ಯಾಯಾಲಯಕ್ಕೇ ಹೋಗಬೇಕಾದೀತು. ಆದರೂ ಯಾರ ಬಲವಂತವೂ ಇಲ್ಲದೆ ಉಳಿಸಿಕೊಂಡ ಮಾತಿನಿಂದ, ಕಳೆದುಹೋದ ನಂಬಿಕೆ ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ.

ಮತ್ತೆ ಆ ಅಂಗಳಕ್ಕೆ ಬರೋಣ. ತಾಯಿ ಮಗನ ಕೈ ಸಡಿಲಿಸಿ, "ಹೋಗಿ ಬಾ ಮಗನೇ" ಎನ್ನಲಿ. ತಂದೆ, "ಐದು ಗಂಟೆಗೆ ಮನೆಗೆ ಕರೆತರುತ್ತೇನೆ" ಎನ್ನಲಿ. ಮತ್ತು ಐದು ಗಂಟೆಗೆ ಸರಿಯಾಗಿ, ಆ ಮನೆಯ ಬಾಗಿಲು ತಟ್ಟಲಿ.