ಕಾಣದ ಅತಿಕ್ರಮ

ವ್ರತವು ಒಮ್ಮೆಲೇ ಭಂಗವಾಗುವುದು ವಿರಳ. ಬಹುಮಟ್ಟಿಗೆ ಅದು ಸವೆಯುತ್ತದೆ. ಇಂದ್ರಿಯಗಳ ಸ್ವಭಾವವೇ ಇದಕ್ಕೆ ಕಾರಣ. ಹೊತ್ತಿರುವ ಭಾರಕ್ಕೆ ತಕ್ಕ ಪ್ರಮಾಣದಲ್ಲಿ ಹೆಚ್ಚಳವಾದರೆ ಮಾತ್ರ ಅದು ಕೈಗೆ ತಿಳಿಯುವುದೆಂದು ಜರ್ಮನಿಯ ವೇಬರ್ ಎಂಬ ವಿದ್ವಾಂಸನು 1834ರಲ್ಲಿ ತೋರಿಸಿದನು.

ಗೂಗಲ್ ಶೋಧಪುಟವನ್ನೇ ನೋಡಿರಿ. ಜಾಹೀರಾತುಗಳನ್ನು ಬೇರ್ಪಡಿಸುತ್ತಿದ್ದ ಬಣ್ಣದ ಹಿನ್ನೆಲೆ 2013-14ರಲ್ಲಿ ಹೋಗಿ ಹಳದಿ ಗುರುತು ಬಂದಿತು. 2016ರಲ್ಲಿ ಅದು ಪಕ್ಕದ ವಿಳಾಸದಂತೆಯೇ ಹಸಿರಾಯಿತು. 2020ರಲ್ಲಿ ಕಪ್ಪು ಅಕ್ಷರವಾಯಿತು. ನೋಡುವವರು ಇಂದಿನ ಪುಟವನ್ನು ನಿನ್ನೆಯದರೊಡನೆ ಹೋಲಿಸಿದರು, 2012ರದರೊಡನೆ ಹೋಲಿಸಿದವರಾರು?

ಏಕಾಶನವೂ ಹೀಗೆಯೇ ಜಾರುತ್ತದೆ. ಮೊದಲು ಊಟದ ಬಳಿಕ ಒಂದು ಗುಟುಕು ನೀರು, ಅನಂತರ ಔಷಧದ ನೆಪದಲ್ಲಿ ಹಾಲು, ಆಮೇಲೆ ಹಣ್ಣು. (ಹಾಲು ಊಟವಲ್ಲವೆಂಬ ಸಮಾಧಾನವನ್ನು ಕೇಳದವರಿಲ್ಲ!) ಆಚಾರ್ಯ ಅಮಿತಗತಿಗಳು ದೋಷವನ್ನು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರವೆಂದು ಮೆಟ್ಟಿಲುಗಳಾಗಿ ವಿಂಗಡಿಸಿದ್ದರ ಮರ್ಮವಿದು. ಮೊದಲನೆಯದು ಮನಶ್ಶುದ್ಧಿಯ ಹಾನಿ. ಪಾತ್ರೆ ಇನ್ನೂ ತುಟಿಗೆ ಬಂದಿಲ್ಲ.

ಆದುದರಿಂದ ಪ್ರತಿಕ್ರಮಣದಲ್ಲಿ ನಿನ್ನೆಯ ನಡತೆಯನ್ನಲ್ಲ, ಗುರುಸಾಕ್ಷಿಯಾಗಿ ವ್ರತ ಹಿಡಿದಂದು ಆಡಿದ ಮಾತನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಕಾಲಮಿತಿಯುಳ್ಳ ನಿಯಮಕ್ಕೆ ಮುಗಿಯುವ ದಿನವೊಂದಿದೆ. ಅಂದಾದರೂ ಲೆಕ್ಕ ನೋಡುತ್ತೇವೆ. ಯಾವಜ್ಜೀವದ ಯಮಕ್ಕೆ ಅಂಥ ದಿನವೇ ಇಲ್ಲ. ಅದನ್ನು ಹಿಡಿದ ಶ್ರಾವಕ-ಶ್ರಾವಿಕೆಯರು ಅಂದಿನ ಮಾತನ್ನು ಬರೆದಿಟ್ಟು, ಪ್ರತಿ ಚಾತುರ್ಮಾಸ್ಯದ ಆರಂಭದಲ್ಲಿ ಓದಿಕೊಳ್ಳುವುದು ಒಳಿತು.