ಗಿಡಕ್ಕೆ ನೀರೆರೆದವರು ಯಾರು?

ಮಗನಿಗೆ ಬಂದ ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕುವ ತಂದೆತಾಯಿಗಳ ಸಂತೋಷವು ಸಹಜವಾದುದು. ಅದನ್ನು ಆಕ್ಷೇಪಿಸತಕ್ಕ ಕಾರಣವಿಲ್ಲ. ಆದರೆ ಸದ್ಗೃಹಸ್ಥನು ಆ ಪತ್ರದ ಮುಂದೆ ನಿಂತು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಅದರಲ್ಲಿರುವ ಹೆಸರು ಮಗನದು, ಅದರ ಹಿಂದಿರುವ ದುಡಿಮೆ ಯಾರದು?

ಬೇಡನ್ ಪೊವೆಲ್ ಎಂಬ ಆಂಗ್ಲ ಸೇನಾನಿಯು 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಬಾಲಕರಿಗಾಗಿ ನಡೆಸಿದ ಶಿಬಿರದಿಂದ ಸ್ಕೌಟು ಚಳವಳಿಯು ಹುಟ್ಟಿತು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಅದು ಭಾರತದಲ್ಲಿ ಮೊದಲು ಕಾಲಿರಿಸಿದುದು ನಮ್ಮ ಬೆಂಗಳೂರಿನಲ್ಲಿಯೇ. ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ಬೇರೆಬೇರೆಯಾಗಿದ್ದ ಸಂಸ್ಥೆಗಳು ಒಂದುಗೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾಯಿತು. ಮರುವರ್ಷ ಬಾಲಿಕೆಯರ ಗೈಡ್ ಸಂಸ್ಥೆಯೂ ಅದರಲ್ಲಿ ಸೇರಿತು. ದೇವರಿಗೂ ದೇಶಕ್ಕೂ ಸಲ್ಲಬೇಕಾದ ಕರ್ತವ್ಯ, ಪರರಿಗೆ ನೆರವು, ದಿನಕ್ಕೊಂದಾದರೂ ಸತ್ಕಾರ್ಯ, ಇವು ಅದರ ಮೂಲತತ್ತ್ವಗಳು. ಸ್ಕೌಟಿನ ನಿಯಮಗಳಲ್ಲಿ ಮೊತ್ತಮೊದಲನೆಯದು ಅವನು ನಂಬಿಕೆಗೆ ಅರ್ಹನಾಗಿರಬೇಕೆಂಬುದು. ಪ್ರವೇಶದ ಬಳಿಕ ಪ್ರಥಮ, ದ್ವಿತೀಯ, ತೃತೀಯ ಎಂಬ ಸೋಪಾನಗಳು. ಅವುಗಳ ಮೇಲೆ ರಾಜ್ಯ ಪುರಸ್ಕಾರ. ಅದಕ್ಕೂ ಮೇಲೆ ರಾಷ್ಟ್ರಪತಿ ಪುರಸ್ಕಾರ. ಹಗ್ಗದ ಗಂಟುಗಳು, ಪ್ರಥಮ ಚಿಕಿತ್ಸೆ, ದಿಕ್ಸೂಚಿ, ಬಯಲಿನಲ್ಲಿ ಅಡುಗೆ, ಸೇವಾಕಾರ್ಯ ಇವೆಲ್ಲವನ್ನೂ ಬಾಲಕನು ಸ್ವತಃ ಮಾಡಿ ತೋರಿಸಬೇಕು.

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಗದ್ದೆ ತೋಟಗಳನ್ನುಳ್ಳ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಮಗನು ಶಾಲೆಯ ಸ್ಕೌಟು ದಳದಲ್ಲಿದ್ದಾನೆ. ಇಪ್ಪತ್ತು ಗಿಡಗಳನ್ನು ನೆಟ್ಟು ಬೇಸಗೆಯೆಲ್ಲ ನೀರೆರೆಯುವುದಾಗಿ ಒಪ್ಪಿಕೊಂಡು ಬಂದಿದ್ದಾನೆ. ಮೊದಲ ವಾರ ಉತ್ಸಾಹವಿತ್ತು. ಎರಡನೆಯ ವಾರ ಮನೆಪಾಠದ ಹೊರೆ ಬಂದಿತು. ಮೂರನೆಯ ವಾರದಿಂದ ತೋಟದ ಆಳೇ ನೀರು ಹೊತ್ತನು. ತಂದೆಯು ಮಗನ ಕೈಯಲ್ಲಿ ಕೊಡವನ್ನು ಕೊಟ್ಟು ಚಿತ್ರ ತೆಗೆದನು. ತಾಯಿಯು ದಾಖಲೆಯ ಪುಸ್ತಕವನ್ನು ದುಂಡಗಿನ ಅಕ್ಷರದಲ್ಲಿ ತುಂಬಿದಳು. ಕಡೆಗೆ ಮಗನು ರುಜು ಹಾಕಬೇಕಾಯಿತು. "ಅಪ್ಪಾ, ನೀರು ಹಾಕಿದ್ದು ನಾನಲ್ಲವಲ್ಲ?" ಎಂದು ಹುಡುಗನು ಕೇಳಿದರೆ, "ಎಲ್ಲರೂ ಹೀಗೇ ಮಾಡುವುದಪ್ಪಾ, ಹಾಕು" ಎಂಬ ಉತ್ತರವು ಅನೇಕ ಮನೆಗಳಲ್ಲಿ ಸಿದ್ಧವಾಗಿರುತ್ತದೆ.

ಈ ತಂದೆಯು ದುಷ್ಟನಲ್ಲ. ಮಗನ ಮುಂದಿನ ದಾರಿ ಸುಗಮವಾಗಲೆಂಬುದೇ ಅವನ ಆಶಯ. ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಪ್ರವೇಶಕ್ಕೆ ಸ್ಕೌಟು ಗೈಡುಗಳಿಗಾಗಿ ವಿಶೇಷ ವರ್ಗವಿರುವುದನ್ನು ಅವನು ಬಲ್ಲನು. ಗಿಡಗಳಿಗೆ ಹೇಗೂ ನೀರು ಬಿದ್ದಿತಲ್ಲ, ಇದರಿಂದ ಯಾರಿಗೆ ನಷ್ಟ ಎಂದು ಅವನು ವಾದಿಸಬಹುದು. ನಷ್ಟ ಎರಡು ಬಗೆಯದು. ತಾನೇ ಕೊಡ ಹೊತ್ತು ನೀರೆರೆದ ಮತ್ತೊಂದು ಮನೆಯ ಬಡ ಬಾಲಕನೂ ಅದೇ ಸಾಲಿನಲ್ಲಿ ನಿಂತಿದ್ದಾನೆ. ಅವನಿಗೆ ಸಲ್ಲಬೇಕಾದ ಸ್ಥಾನವನ್ನು ತನ್ನ ಮಗನಿಗೆ ಕೊಡಿಸುವುದು ಪರಸ್ವಕ್ಕೆ ಕೈಚಾಚಿದಂತೆಯೇ. ಎರಡನೆಯ ನಷ್ಟ ಮನೆಯೊಳಗಿನದು. ಮಾಡದ ಕಾರ್ಯಕ್ಕೆ ರುಜು ಹಾಕಬಹುದೆಂಬುದನ್ನು ಹುಡುಗನು ಕಲಿತುದು ಹೆತ್ತವರಿಂದಲೇ. ನಂಬಿಕೆಯನ್ನು ಕಲಿಸಬೇಕಾದ ಪದಕವು ಅವನ ಎದೆಯ ಮೇಲೆ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಶರಣರ ಮನೆಯಿಲ್ಲ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆತನು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದನು. ಮಡದಿ ಲಕ್ಕಮ್ಮ ಸಂತೋಷಪಡಲಿಲ್ಲ. ಇದು ನಮ್ಮ ಕಾಯಕದ ಅಳತೆಗೆ ಮೀರಿದ್ದು, ಮರಳಿ ಅಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಹಿಂದಿರುಗಿಸಿದಳು. ಆ ಅಕ್ಕಿ ಕದ್ದದ್ದಲ್ಲ. ಅದನ್ನು ಬೇಡಿದವರೂ ಇರಲಿಲ್ಲ. ಆದರೂ ದುಡಿಮೆಗೆ ಮೀರಿ ಬಂದ ಹಿಡಿಯಕ್ಕಿಯೂ ಆಕೆಯ ದೃಷ್ಟಿಯಲ್ಲಿ ಆಶೆಯ ಫಲವೇ ಆಗಿತ್ತು. ದುಡಿಯದೆ ಬಂದ ಪದಕವನ್ನು ಲಕ್ಕಮ್ಮನು ಪಡಸಾಲೆಯಲ್ಲಿ ತೂಗುಹಾಕಲು ಬಿಡುತ್ತಿದ್ದಳೇ?

ಹಾಗಾದರೆ ಹೆತ್ತವರು ಕೈಕಟ್ಟಿ ಕುಳಿತಿರಬೇಕೇ? ಹಾಗಲ್ಲ. ಗುರುವು ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲಕ್ಕೆ ಅನುಗ್ರಹಿಸುತ್ತಾನೆ, ಪೂಜೆಯ ಕ್ರಮವನ್ನು ತಿಳಿಸುತ್ತಾನೆ, ತಪ್ಪಿದರೆ ತಿದ್ದುತ್ತಾನೆ. ಆದರೆ ಶಿಷ್ಯನ ಲಿಂಗಪೂಜೆಯನ್ನು ತಾನು ಮಾಡುವುದಿಲ್ಲ. ಒಬ್ಬನ ಅಂಗೈಯ ಲಿಂಗಕ್ಕೆ ಇನ್ನೊಬ್ಬನ ಪೂಜೆ ಸಲ್ಲದು. ತಂದೆತಾಯಿಗಳ ನೆರವಿಗೂ ಇದೇ ಮೇರೆ. ಸಮವಸ್ತ್ರ ಕೊಡಿಸುವುದು, ಹಗ್ಗ ತಂದುಕೊಡುವುದು, ಬೆಳಗಿನ ಜಾವದಲ್ಲಿ ಎಬ್ಬಿಸುವುದು, ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಶಿಬಿರಕ್ಕೆ ಬುತ್ತಿ ಕಟ್ಟಿ ಕಳುಹಿಸುವುದು, ಇವೆಲ್ಲ ಕರ್ತವ್ಯವೇ. ಕೈಲಾಗದ ನೆರೆಮನೆಯ ಹುಡುಗನಿಗೂ ಇಷ್ಟನ್ನು ಒದಗಿಸಿದರೆ ಅದು ದಾಸೋಹವಾಗುತ್ತದೆ. ಆದರೆ ಗಂಟನ್ನು ಹುಡುಗನೇ ಹಾಕಬೇಕು. ಬಿಚ್ಚಿದರೆ ಅವನೇ ಮತ್ತೆ ಹಾಕಬೇಕು. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನು ತನ್ನ ಕಾಯಕವನ್ನು ಇನ್ನೊಬ್ಬರ ಕೈಗೆ ಬಿಟ್ಟುಕೊಟ್ಟು ಅದರ ಫಲವನ್ನು ತನ್ನದೆಂದವನಲ್ಲ.

ನೆರವು ಯಾವುದು, ವಂಚನೆ ಯಾವುದು ಎಂಬ ಸಂಶಯ ಬಂದಾಗ ಪರೀಕ್ಷೆ ಸುಲಭವಾಗಿದೆ. ತಾನು ಮಾಡಿದ ನೆರವನ್ನು ದಾಖಲೆಯ ಪುಸ್ತಕದಲ್ಲಿ ಇದ್ದಂತೆಯೇ ಬರೆಯಲು ತಂದೆಗೆ ಸಂಕೋಚವಾಗದಿದ್ದರೆ ಅದು ನೆರವು. 'ಬುತ್ತಿಯನ್ನು ತಾಯಿ ಕಟ್ಟಿದರು' ಎಂದು ಬರೆಯಬಹುದು. 'ನೀರನ್ನು ಆಳು ಹಾಕಿದನು' ಎಂದು ಬರೆಯಲು ಕೈ ಹಿಂಜರಿದರೆ, ಆ ಹಿಂಜರಿಕೆಯೇ ಅಂತಸ್ಸಾಕ್ಷಿಯ ನುಡಿ.

ಸತ್ಯವಾಗಿ ನಡೆದ ಬಾಲಕನು ಒಮ್ಮೆ ಅನುತ್ತೀರ್ಣನಾಗಬಹುದು. ಕೆಲವು ಗಿಡಗಳು ಒಣಗಬಹುದು. ಪುರಸ್ಕಾರವು ಒಂದು ವರ್ಷ ತಡವಾಗಬಹುದು, ಕಡೆಗೆ ಬಾರದೆಯೂ ಹೋಗಬಹುದು. ಈ ನೋವನ್ನು ಹೆತ್ತವರು ಸಹಿಸಲೇಬೇಕು; ಮಗನ ಪಾಲಿನ ಕೊಡವನ್ನು ಹೊರುವುದಕ್ಕಿಂತ ಇದು ಕಷ್ಟವಾದ ನೆರವು. ಷಟ್‌ಸ್ಥಲದ ಮೊದಲ ಮೆಟ್ಟಿಲನ್ನಾದರೂ ಪರರ ಕಾಲಿನಿಂದ ಏರಿದವರಿಲ್ಲ.

ಕತ್ತಲಗೆರೆಯ ಆ ಮನೆಯಲ್ಲಿ ಪುಸ್ತಕಕ್ಕೆ ಇನ್ನೂ ರುಜು ಬಿದ್ದಿಲ್ಲವೆಂದಿಟ್ಟುಕೊಂಡರೆ ಕಾಲ ಮಿಂಚಿಲ್ಲ. ತಾಯಿಯು ಲಕ್ಕಮ್ಮನಂತೆ ಆ ಹಾಳೆಗಳನ್ನು ಹರಿದು, "ಹೋಗಪ್ಪ, ಉಳಿದ ಗಿಡಗಳಿಗೆ ನೀನೇ ನೀರು ಹಾಕಿ ಬಾ, ಆಮೇಲೆ ಬರೆಯುವಿಯಂತೆ" ಎಂದು ಕೊಡವನ್ನು ಮಗನ ಕೈಗೆ ಕೊಡಲಿ. ತಂದೆಯು ಜೊತೆಯಲ್ಲಿ ನಡೆದು ಬದುವಿನ ಮೇಲೆ ಕುಳಿತಿರಲಿ. ಪದಕ ಬಂದರೂ ಸರಿ, ಬಾರದಿದ್ದರೂ ಸರಿ, ಗಿಡವು ಮರವಾದಾಗ ಅದರ ನೆರಳಿನಲ್ಲಿ ಆ ಮಗನು ತಲೆಯೆತ್ತಿ ನಿಲ್ಲುವನು.