ತಪ್ಪಿದ ಎಸೆತ ಎಲ್ಲಿ ಬೀಳಬೇಕು?

ಓಣಿ ಕ್ರಿಕೆಟ್ಟಿಗೆ ಯಾರೂ ಬರೆದಿಡದ ಒಂದು ಕಾನೂನಿದೆ. ಚೆಂಡು ಪುಟ ಬೀಳದೆ ನೇರವಾಗಿ ಯಾರದಾದರೂ ಮನೆಯೊಳಗೆ ಹೋದರೆ ಹೊಡೆದವನು ಔಟ್. ಹೋಗಿ ಬೈಸಿಕೊಂಡು ಚೆಂಡು ತರಬೇಕಾದವನೂ ಅವನೇ. ರಾಯಚೂರು ಜಿಲ್ಲೆಯ ನಮ್ಮ ಬಳಗಾನೂರಿನ ಕಡೆಗೂ ಈ ಕಾನೂನು ನಡೆಯುತ್ತದೆ, ಬೆಂಗಳೂರಿನ ಬಡಾವಣೆಯಲ್ಲೂ ನಡೆಯುತ್ತದೆ. ದೊಡ್ಡ ಮೈದಾನದಲ್ಲಿ ಆರು ರನ್ನು ತಂದುಕೊಡುವ ಹೊಡೆತ ಇಲ್ಲಿ ಆಟಗಾರನನ್ನೇ ಹೊರಗೆ ಕಳಿಸುತ್ತದೆ. ಮಕ್ಕಳಿಗೆ ಇದನ್ನು ಯಾವ ತತ್ವಶಾಸ್ತ್ರದ ಮೇಷ್ಟರೂ ಕಲಿಸಿಲ್ಲ. ಗೋಡೆಯಾಚೆ ಇರುವವರು ಈ ಆಟದಲ್ಲಿಲ್ಲ ಎಂಬುದಷ್ಟು ಅವರಿಗೆ ಗೊತ್ತು.

ಆಟದಲ್ಲಿ ಇಲ್ಲದವರಿಗೆ ಆಟಗಾರರು ಏನನ್ನು ಸಲ್ಲಿಸಬೇಕು? ಈ ಪ್ರಶ್ನೆಯನ್ನು ತೀರ ಸ್ಪಷ್ಟವಾಗಿ ಎದುರಿಗಿಡುವ ಆಟವೊಂದಿದೆ. ಅದರ ಹೆಸರು ಡಿಸ್ಕ್ ಗಾಲ್ಫ್. ನಮ್ಮ ಕಡೆ ಅದನ್ನು ಆಡುವುದಿರಲಿ, ಹೆಸರು ಕೇಳಿದವರೂ ಅಪರೂಪ. ಚೆಂಡು, ಕೋಲುಗಳ ಬದಲು ಇಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಡಿಸ್ಕ್. ಕುಳಿಯ ಬದಲು ಕಂಬಕ್ಕೆ ಸರಪಳಿ ಇಳಿಬಿಟ್ಟ ಒಂದು ಕಬ್ಬಿಣದ ಬುಟ್ಟಿ. ಎಸೆಯುವ ಜಾಗದಿಂದ ಬುಟ್ಟಿಯವರೆಗಿನ ಹಾದಿಗೆ, ಕುಳಿ ಇಲ್ಲದಿದ್ದರೂ, ‘ಹೋಲ್’ ಎಂದೇ ಹೆಸರು. ಒಂದು ಅಂಕಣದಲ್ಲಿ ಸಾಮಾನ್ಯವಾಗಿ 9 ಅಥವಾ 18 ಹೋಲ್‌ಗಳು. ಕಡಿಮೆ ಎಸೆತಗಳಲ್ಲಿ ಎಲ್ಲ ಬುಟ್ಟಿಗಳನ್ನೂ ಮುಟ್ಟಿದವನು ಗೆದ್ದ. 1975ರಲ್ಲಿ ಎಡ್ ಹೆಡ್ರಿಕ್ ಎಂಬಾತ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಕಾಯಂ ಅಂಕಣವನ್ನು ರೂಪಿಸಿದ. ಹುಲ್ಲು ಬೆಳೆಸಿ ಕತ್ತರಿಸುವ ಖರ್ಚಿಲ್ಲ, ನೂರಾರು ಎಕರೆ ಬೇಕಿಲ್ಲ. ಇರುವ ಉದ್ಯಾನದಲ್ಲೇ ಮರಗಳ ನಡುವೆ ಬುಟ್ಟಿ ನೆಟ್ಟರೆ ಆಯಿತು. ಹಾಗಾಗಿ ಆಟ ಬೇಗ ಹಬ್ಬಿತು. ಹಾಗಾಗಿಯೇ ಅದು ಮನೆಗಳ ಮಗ್ಗುಲಿಗೂ ಬಂದು ನಿಂತಿತು.

ಮನೆಗಳ ಪಕ್ಕದಲ್ಲಿ ಹೋಲ್ ಒಂದರ ನಕ್ಷೆ ಬರೆಯುವವನಿಗೆ ಡಿಸ್ಕಿನ ಸ್ವಭಾವ ಗೊತ್ತಿರಬೇಕು. ಬಲಗೈಯವನು ಬ್ಯಾಕ್‌ಹ್ಯಾಂಡ್ ಎಸೆದ ಡಿಸ್ಕು ವೇಗ ಕಳೆದುಕೊಳ್ಳುತ್ತ ಬಂದಂತೆ ಎಡಕ್ಕೆ ಬಾಗಿ ಇಳಿಯುತ್ತದೆ. ಬೆರಳಿನಿಂದ ಒಂದು ಕ್ಷಣ ತಡವಾಗಿ ಬಿಟ್ಟರೆ ಮೊದಲಿಗೇ ಬಲಕ್ಕೆ ಸಿಡಿಯುತ್ತದೆ. ಎಡಗೈಯವನದು ಇದರ ತಿರುಗುಮುರುಗು. ಮೇಲೆ ಗಾಳಿಯ ಆಟ ಬೇರೆ. ಕಾಲು ಕಿಲೋಗಿಂತ ಹಗುರವೇನೋ ಸರಿ, ಆದರೆ ಗಾಳಿಯನ್ನು ಸೀಳಲೆಂದೇ ಅಂಚನ್ನು ತೆಳ್ಳಗೆ ಮಾಡಿದ ವಸ್ತು ಅದು. ಪಳಗಿದ ಕೈಯಿಂದ ಹೊರಟರೆ ನೂರು ಮೀಟರು ದಾಟುತ್ತದೆ. ಯಾರದೋ ಹಣೆಗೆ ತಾಗಿದರೆ ಅದು ಆಟದ ಸಾಮಾನಾಗಿ ಉಳಿಯುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ಎಸೆತ ಎಲ್ಲಿಗೆ ಹೋದೀತೆಂದು ಎಸೆಯುವವನಿಗೇ ಖಚಿತವಿರುವುದಿಲ್ಲ. ಆದರೆ ಸಾವಿರ ಎಸೆತಗಳು ಎಲ್ಲೆಲ್ಲಿ ಬೀಳುತ್ತವೆಂದು ನಕ್ಷೆ ಬರೆಯುವವನು ಸರಿಸುಮಾರು ಹೇಳಬಲ್ಲ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ‘ನೈತಿಕ ಅದೃಷ್ಟ’ದ ಚರ್ಚೆ ಎತ್ತಿದರು. ಅವರ ಪ್ರಶ್ನೆಯನ್ನು ನಮ್ಮ ಆಟಕ್ಕೆ ಹೊಂದಿಸಿ ಹೀಗೆ ಕೇಳಬಹುದು: ಇಬ್ಬರು ಒಂದೇ ರೀತಿ ಕೈತಪ್ಪಿ ಎಸೆದರು, ಒಬ್ಬನ ಡಿಸ್ಕು ಖಾಲಿ ಗೋಡೆಗೆ ಬಡಿಯಿತು, ಇನ್ನೊಬ್ಬನದು ಅಂಗಳದಲ್ಲಿದ್ದ ಮಗುವಿಗೆ. ಇಬ್ಬರ ತಪ್ಪು ಒಂದೇ ಅಲ್ಲವೆ? ಎರಡನೆಯವನನ್ನು ಮಾತ್ರ ನಾವೇಕೆ ಅಷ್ಟು ದೂರುತ್ತೇವೆ? ಆಟಗಾರನ ಮಟ್ಟಿಗೆ ಇದಕ್ಕೆ ಸುಲಭದ ಉತ್ತರ ಇಲ್ಲ. ನಕ್ಷೆಗಾರನ ಮಟ್ಟಿಗೆ ಇದೆ. ಅವನಿಗೆ ಅದೃಷ್ಟದ ನೆಪ ಸಿಗದು. ಯಾವ ಎಸೆತ ತಪ್ಪುತ್ತದೆಂದು ಅವನಿಗೆ ತಿಳಿಯದಿದ್ದರೂ ತಪ್ಪುವ ಎಸೆತಗಳು ಇದ್ದೇ ಇರುತ್ತವೆ, ಅವು ಇಂಥ ಕಡೆಗೇ ಹೋಗುತ್ತವೆ ಎಂದು ತಿಳಿದೇ ಅವನು ಗೆರೆ ಎಳೆದಿರುತ್ತಾನೆ. ಎಡಕ್ಕೆ ಮನೆಗಳಿರುವ ಉದ್ದನೆಯ ಹೋಲ್ ಒಂದನ್ನು ಬರೆದವನು, ಆ ಮನೆಗಳ ಮೇಲೆ ಬೀಳಲಿರುವ ಡಿಸ್ಕುಗಳನ್ನೂ ಬರೆದಂತೆಯೇ.

ಇದು ಕಲ್ಪನೆಯ ತೊಡಕಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳು ಕ್ರಿಕೆಟ್ಟಿನ ವಿಷಯದಲ್ಲಿ ಎರಡು ಸಲ ಇದರೊಡನೆ ಗುದ್ದಾಡಿವೆ. ಮೊದಲನೆಯದು ಬೋಲ್ಟನ್ ಮತ್ತು ಸ್ಟೋನ್ ಮೊಕದ್ದಮೆ. 1947ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನ ಹೆಂಗಸೊಬ್ಬರು ತಮ್ಮ ಮನೆಯ ಮುಂದಿನ ರಸ್ತೆಯಲ್ಲಿ ನಿಂತಿದ್ದಾಗ ಪಕ್ಕದ ಕ್ಲಬ್ಬಿನ ಮೈದಾನದಿಂದ ಬಂದ ಚೆಂಡು ಬಡಿಯಿತು. ಬ್ಯಾಟ್ಸ್‌ಮನ್ ನಿಂತಿದ್ದು ಸುಮಾರು 100 ಗಜ ದೂರದಲ್ಲಿ. ಸುಮಾರು 30 ವರ್ಷಗಳಲ್ಲಿ ಚೆಂಡು ಬೇಲಿ ದಾಟಿದ್ದು ಆರೇಳು ಸಲ. 1951ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕ್ಲಬ್ಬಿನ ಪರ ತೀರ್ಪಿತ್ತಿತು: ಇಷ್ಟು ಅಪರೂಪದ ಅಪಾಯಕ್ಕೆ ಕಾವಲು ಹಾಕದಿರುವುದು ನಿರ್ಲಕ್ಷ್ಯವಲ್ಲ. ಆದರೆ ಅದೇ ತೀರ್ಪಿನಲ್ಲಿ ಲಾರ್ಡ್ ರೀಡ್ ಇನ್ನೊಂದು ಮಾತು ಸೇರಿಸಿದರು. ಗಣನೀಯ ಅಪಾಯ ಒಡ್ಡದೆ ಒಂದು ಜಾಗದಲ್ಲಿ ಕ್ರಿಕೆಟ್ ಆಡಲು ಆಗದಿದ್ದರೆ ಅಲ್ಲಿ ಆಡಲೇಬಾರದು ಎಂಬುದು ಅದರ ತಾತ್ಪರ್ಯ. ತಡೆಗೋಡೆಗೆ ಎಷ್ಟು ಖರ್ಚಾಗುತ್ತದೆಂಬ ಲೆಕ್ಕವನ್ನು ಅವರು ಪಕ್ಕಕ್ಕಿಟ್ಟರು. ತೀರ್ಪಿಗಿಂತ ಈ ಮಾತೇ ನನಗೆ ಹೆಚ್ಚು ತೂಕದ್ದೆನಿಸುತ್ತದೆ.

ಎರಡನೆಯದು 1977ರ ಮಿಲ್ಲರ್ ಮತ್ತು ಜಾಕ್ಸನ್ ಮೊಕದ್ದಮೆ. ಡರಮ್ ಪ್ರಾಂತದ ಲಿಂಟ್ಸ್ ಎಂಬ ಹಳ್ಳಿಯಲ್ಲಿ ಸುಮಾರು 70 ವರ್ಷದಿಂದ ಕ್ರಿಕೆಟ್ ನಡೆದಿತ್ತು. 1970ರ ದಶಕದ ಮೊದಲಲ್ಲಿ ಮೈದಾನದ ಅಂಚಿಗೇ ಮನೆಗಳು ಎದ್ದವು. ಚೆಂಡುಗಳು ಹಿತ್ತಲಿಗೆ ಬಂದು ಬೀಳತೊಡಗಿದವು. ಕ್ಲಬ್ಬು ಬೇಲಿ ಎತ್ತರಿಸಿತು, ಒಡೆದದ್ದಕ್ಕೆ ಹಣ ಕೊಡುತ್ತೇವೆಂದಿತು, ಕೊನೆಗೆ ಆ ಮನೆಯವರ ಹಿತ್ತಲಿನ ಮೇಲೆ ಬಲೆ ಹಾಕಿಸಿಕೊಡುತ್ತೇವೆಂದೂ ಹೇಳಿತು. ಅವರು ಒಪ್ಪಲಿಲ್ಲ. ನ್ಯಾಯಾಧೀಶ ಡೆನಿಂಗ್ ಊರಿನ ಬೇಸಿಗೆಯ ಆಟದ ಪರವಾಗಿ ಮನಸೋತು ಬರೆದರು. ಬಹುಮತದ ತೀರ್ಪು, ಇದು ನೆರೆಯವರಿಗೆ ಆಗುತ್ತಿರುವ ಉಪದ್ರವವೇ ಹೌದು ಎಂದಿತು; ಆದರೆ ಆಟ ನಿಲ್ಲಿಸುವ ಆಜ್ಞೆ ಕೊಡದೆ 400 ಪೌಂಡು ಪರಿಹಾರ ಕೊಡಿಸಿತು.

ಆ ಬಲೆಯ ಮಾತು ನನ್ನನ್ನು ಕಾಡುತ್ತದೆ. ಕ್ಲಬ್ಬಿನವರು ಸದುದ್ದೇಶದಿಂದಲೇ ಹೇಳಿರಬೇಕು. ಆದರೆ ಅದರರ್ಥ ಏನು? ನಾವು ಆಡುತ್ತೇವೆ, ನೀವು ಬಲೆಯ ಕೆಳಗೆ ಕೂತು ಸೊಪ್ಪು ಸೋಸಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಗೆ ಇಲ್ಲಿ ಹೊಸದೊಂದು ತಿರುವು: ಇಲಿಯ ರಕ್ಷಣೆಗೆಂದು ಇಲಿಗೇ ಬೋನು. ತಡೆ ಬೇಕೇ ಬೇಕೆಂದಾದರೆ ಅದು ಆಟದ ಕಡೆಗೆ ಇರಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ಗಟ್ಟಿಯಾದವೇ.

ಮೊದಲನೆಯದು: ಮೈದಾನ ಮೊದಲು ಬಂತು, ಮನೆ ಆಮೇಲೆ. ಗೊತ್ತಿದ್ದೂ ಬಂದವರು ಸಹಿಸಿಕೊಳ್ಳಲಿ. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ವಾದಕ್ಕಿಂತಲೂ ಮುಂದೆ ಹೋದರು. ಅವರ ಪ್ರಕಾರ ಹಾನಿ ಯಾವತ್ತೂ ಎರಡು ಕಡೆಯದು. ಆಟಗಾರರನ್ನು ತಡೆದರೆ ಅವರಿಗೆ ಹಾನಿ, ತಡೆಯದಿದ್ದರೆ ಮನೆಯವರಿಗೆ ಹಾನಿ. ಯಾವ ಹಾನಿ ದೊಡ್ಡದು ಎಂದಷ್ಟೇ ನೋಡಬೇಕು. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ತಲೆಗೆ ಪೆಟ್ಟು ಬೀಳುವುದನ್ನೂ ಒಂದು ಸುತ್ತು ಆಟ ತಪ್ಪುವುದನ್ನೂ ಒಂದೇ ತಕ್ಕಡಿಗೆ ಹಾಕುವಾಗ ಏನೋ ಜಾರಿಹೋಗುತ್ತದೆ. ಇನ್ನು ‘ಗೊತ್ತಿದ್ದೂ ಬಂದರು’ ಎಂಬ ಮಾತು, ಎಲ್ಲಿ ಬೇಕಾದರೂ ಮನೆ ಮಾಡಬಲ್ಲವರಿಗೆ ಒಪ್ಪುತ್ತದೆ. ಬಾಡಿಗೆ ಕಡಿಮೆಯೆಂದೋ ಬೇರೆ ಕಡೆ ಜಾಗ ಕೊಡುವವರಿಲ್ಲವೆಂದೋ ಬಂದವರು ಆರಿಸಿಕೊಂಡು ಬಂದವರಲ್ಲ.

ಎರಡನೆಯ ಆಕ್ಷೇಪ: ಅಪಾಯ ಎಲ್ಲಿಲ್ಲ? ಸಿಂಧನೂರಿನ ರಸ್ತೆಯಲ್ಲಿ ಭತ್ತ ಹೇರಿಕೊಂಡ ಟ್ರ್ಯಾಕ್ಟರು ಓಡುವುದಿಲ್ಲವೆ? ಅದರ ಮುಂದೆ ಒಂದು ಡಿಸ್ಕು ಎಷ್ಟರದು? ನಿಜ. ಆದರೆ ಟ್ರ್ಯಾಕ್ಟರಿನ ಅಪಾಯ ಹೊರುವ ನಾನೇ ಅದು ತಂದ ಅಕ್ಕಿಯನ್ನು ಉಣ್ಣುತ್ತೇನೆ. ನಾಳೆ ನಾನೇ ಬೈಕು ಓಡಿಸಿ ಬೇರೆಯವರಿಗೆ ಅಷ್ಟೇ ಅಪಾಯ ಒಡ್ಡುತ್ತೇನೆ. ಅಲ್ಲಿ ಕೊಡು-ಕೊಳ್ಳು ಇದೆ. ಆಟಗಾರನಾದರೋ ಅಪಾಯವನ್ನು ತಾನೇ ಒಪ್ಪಿ ಒಳಗೆ ಬಂದವನು. ಆಟದ ಸುಖವೂ ಅವನದೇ. ಗೋಡೆಯಾಚೆಯ ಅಜ್ಜಿಗೆ ಆ ಸುಖದಲ್ಲಿ ಪಾಲಿಲ್ಲ, ಅಪಾಯದಲ್ಲಿ ಮಾತ್ರ ಪಾಲು. ಅಪಾಯ ಚಿಕ್ಕದೋ ದೊಡ್ಡದೋ ಎಂಬುದರ ಜೊತೆಗೆ ಅದನ್ನು ಯಾರು ಯಾರ ಮೇಲೆ ಕೇಳದೆ ಹೊರಿಸುತ್ತಿದ್ದಾರೆ ಎಂಬುದೂ ನೀತಿಯ ಪ್ರಶ್ನೆಯೇ.

ಬಳಗಾನೂರಿನಂಥ ಊರಲ್ಲಿ ಇಂಥ ಅಂಕಣವೊಂದನ್ನು ಹಾಕುವುದಾದರೆ ಏನಾದೀತೆಂದು ಯೋಚಿಸಿ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಸೀಮೆ ಇದು. ನೀರು ಕಂಡ ನೆಲಕ್ಕೆ ಬೆಲೆ ಜಾಸ್ತಿ. ಆಟಕ್ಕೆಂದು ಬಿಟ್ಟ ನೆಲ ಕಡಿಮೆ. ಉಳಿದ ಬಯಲು ಎಂದರೆ ಶಾಲೆಯ ಮುಂದಿನದು, ಗುಡಿಯ ಹಿಂದಿನದು, ಊರಂಚಿನದು. ಎಲ್ಲವೂ ಮನೆಗಳಿಗೆ ತಾಗಿದ್ದೇ. ಇನ್ನು ನಮ್ಮ ಕಡೆಯ ಮನೆ ಗೋಡೆಗೆ ಮುಗಿಯುವುದೂ ಇಲ್ಲ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತಿರುತ್ತದೆ, ಅಂಗಳದಲ್ಲಿ ಸಂಡಿಗೆ. ಬೇವಿನ ಮರದ ನೆರಳಲ್ಲಿ ಎಮ್ಮೆ, ಪಕ್ಕದಲ್ಲೇ ಸೀರೆಯ ಜೋಳಿಗೆಯಲ್ಲಿ ಕೂಸು. ಬೇಸಿಗೆಯ ರಾತ್ರಿ ಇಡೀ ಮನೆ ಹೊರಗೆ ಮಲಗುತ್ತದೆ. ಕಾಂಪೌಂಡಿನ ಗೆರೆ ನೋಡಿ ಇಷ್ಟು ಮೀಟರು ಅಂತರ ಬಿಟ್ಟರೆ ಸಾಕು ಎಂಬ ಲೆಕ್ಕ ಇಲ್ಲಿಗೆ ಕೂಡುವುದಿಲ್ಲ. ಮನೆ ಎಲ್ಲಿಯವರೆಗಿದೆ ಎಂದು ತಿಳಿಯಲು ಆ ಮನೆಯವರು ಬೆಳಗಿನಿಂದ ರಾತ್ರಿಯವರೆಗೆ ಎಲ್ಲೆಲ್ಲಿ ಕೂತು ಏಳುತ್ತಾರೆಂದು ನೋಡಬೇಕು.

ಇಲ್ಲಿಗೆ ಓಣಿ ಕ್ರಿಕೆಟ್ಟಿನ ಕಾನೂನನ್ನು ಮತ್ತೆ ಎತ್ತಿಕೊಳ್ಳಬೇಕು. ಅದನ್ನು ಮೆಚ್ಚಿದ್ದಾಯಿತು, ಈಗ ಅದರ ಹುಳುಕನ್ನೂ ನೋಡೋಣ. ಆಡಿದವರಿಗೆಲ್ಲ ಗೊತ್ತಿರುವ ಮಾತು: ಆ ಕಾನೂನು ಎಲ್ಲ ಮನೆಗೂ ಒಂದೇ ಥರ ನಡೆಯುವುದಿಲ್ಲ. ಬೈಯುವವರ ಮನೆಗೆ ಹೋದರೆ ಔಟ್. ಸುಮ್ಮನಿರುವವರ ಮನೆಗೆ ಹೋದರೆ ಸಿಕ್ಸು. ಗೌಡರ ಕಿಟಕಿಗೆ ಗಾಜಿದೆ, ಗೌಡರಿಗೆ ದನಿಯಿದೆ. ತಗಡಿನ ಮನೆಯ ಮುದುಕಿಗೆ ಎರಡೂ ಇಲ್ಲ. ತಗಡಿನ ಮೇಲೆ ಚೆಂಡು ಬಿದ್ದರೆ ಒಡೆಯುವಂಥದ್ದು ಏನಿದೆ ಎಂದು ನಗುವವರೂ ಇದ್ದಾರೆ.

ಡಿಸ್ಕ್ ಗಾಲ್ಫಿನ ನಕ್ಷೆಗೂ ಇದೇ ಜಾಡ್ಯ ಅಂಟಬಹುದು. ದೂರು ಬಂದರೆ ಹೋಲ್ ಸರಿಸುತ್ತೇವೆ ಎನ್ನುವುದು ಉದಾರ ನೀತಿಯಂತೆ ಕೇಳಿಸುತ್ತದೆ. ಆದರೆ ದೂರು ಕೊಡಲು ಬರುವವರಿಂದ ದೂರ ಸರಿದ ಹೋಲ್ ಎಲ್ಲಿಗೆ ಹೋಗುತ್ತದೆ? ದೂರು ಕೊಡಲು ಬಾರದವರ ಬೆನ್ನಿಗೆ. ಕಚೇರಿಯ ಬಾಗಿಲು ಗೊತ್ತಿಲ್ಲದವರು, ಆಡುವ ಹುಡುಗರ ಅಪ್ಪಂದಿರ ಹೊಲದಲ್ಲಿ ಕೂಲಿ ಮಾಡುವವರು, ಕೇರಿ ಅಂಚಿನಲ್ಲಿದ್ದು ಊರಿನವರಿಗೆ ಎದುರು ಮಾತಾಡಿ ರೂಢಿಯಿಲ್ಲದವರು: ಇವರ ಮೌನವನ್ನು ಒಪ್ಪಿಗೆಯೆಂದು ಓದುವುದು ಸುಲಭ. ಹಾಗೆ ಓದಿ ಬರೆದ ನಕ್ಷೆಯಲ್ಲಿ ಎಲ್ಲ ನಿಯಮಗಳೂ ಪಾಲನೆಯಾಗಿರಬಹುದು. ಊರಿನ ಹಳೆಯ ಮೇಲುಕೀಳು ಮಾತ್ರ ಬುಟ್ಟಿ, ಸರಪಳಿಗಳ ರೂಪದಲ್ಲಿ ಮತ್ತೊಮ್ಮೆ ನೆಟ್ಟಿರುತ್ತದೆ.

ಹಾಗಾದರೆ ಮನೆಗಳ ಹತ್ತಿರ ಆಟವೇ ಬೇಡವೆ? ಹಾಗೆ ಹೇಳಿದರೆ ಆಟ ಉಳಿಯುವುದು ಕಾರಿನಲ್ಲಿ ದೂರದ ಕ್ಲಬ್ಬಿಗೆ ಹೋಗಬಲ್ಲವರಿಗೆ ಮಾತ್ರ. ನೆರೆಯವರು ಬಯಲಿನ ಶತ್ರುಗಳು ಎಂದುಕೊಳ್ಳುವುದೂ ತಪ್ಪು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಕೋರ್ಟಿಗೆ ಹೋದವರು ಅಲ್ಲಿಯ ನಿವಾಸಿಗಳೇ. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಮೊಕದ್ದಮೆಯೆಂದು ಹೆಸರಾದ ಅದರಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಉದ್ಯಾನವನ್ನು ಉಳಿಸಿತು. ಬಯಲು ತಮ್ಮದೂ ಹೌದು ಎನಿಸಿದರೆ ಅದಕ್ಕಾಗಿ ಮೊದಲು ಎದ್ದು ನಿಲ್ಲುವವರು ನೆರೆಯವರೇ. ಹಾಗೆ ಅನಿಸುವಂತೆ ಆಟವನ್ನು ಹೂಡುವುದು ಜಾಣತನವೂ ಹೌದು, ನ್ಯಾಯವೂ ಹೌದು.

ನನಗೆ ತೋಚುವ ದಾರಿ ಇಷ್ಟು. ನಕ್ಷೆಯಲ್ಲಿ ಮೊದಲು ಗುರುತು ಹಾಕಬೇಕಾದದ್ದು ತಪ್ಪಿದ ಎಸೆತಗಳ ಜಾಗವನ್ನು, ಬುಟ್ಟಿ ಆಮೇಲೆ. ಮನೆಗಳ ಕಡೆಗೆ ಬೆನ್ನು ಮಾಡಿ ಎಸೆಯುವಂತೆ ಹೋಲ್ ತಿರುಗಿಸಬಹುದು. ತಿರುಗಿಸಲಾಗದ ಕಡೆ ಅದನ್ನು ಗಿಡ್ಡ ಮಾಡಬಹುದು, ಬಲವಾಗಿ ಎಸೆದವನಿಗೆ ಲಾಭವೇ ಇಲ್ಲದಂತೆ. ಗೆರೆ ದಾಟಿದ ಡಿಸ್ಕಿಗೆ ಒಂದು ಎಸೆತದ ದಂಡ ಹಾಕುವ ನಿಯಮ ಈ ಆಟದಲ್ಲಿ ಮೊದಲೇ ಇದೆ. ಆದರೆ ದಂಡ ಬೀಳುವುದು ಡಿಸ್ಕು ಗೆರೆ ದಾಟಿದ ಮೇಲೆ. ನಕ್ಷೆ ಅದಕ್ಕಿಂತ ಮುಂಚೆಯೇ ಕೆಲಸ ಮಾಡಬೇಕು. ಬುಟ್ಟಿ ನೆಡುವ ಮುನ್ನ ಆಡದವರ ಮನೆಗಳಿಗೆ ಹೋಗಬೇಕು, ಅವರು ಬರಲೆಂದು ಕಾಯಬಾರದು. ಹೋದಾಗ ಮನೆಯ ಗಂಡಸನ್ನು ಮಾತ್ರ ಕೇಳಿ ಬರಬಾರದು. ಹಗಲೆಲ್ಲ ಅಂಗಳದಲ್ಲಿರುವವರು ಬೇರೆಯವರು. ಯಾರೂ ತಕರಾರು ಮಾಡದ ಮನೆಯ ಹಿಂದೆ ಊರಿನಲ್ಲೇ ಅತಿ ಜೋರು ಬಾಯಿಯವರು ಇದ್ದಾರೆಂದು ಭಾವಿಸಿ ಗೆರೆ ಎಳೆಯಬೇಕು. ಅಷ್ಟು ಮಾಡಿದ ಮೇಲೂ ಡಿಸ್ಕು ಹೋಗಿ ಬಿದ್ದರೆ ಆ ಹೋಲನ್ನು ಕಿತ್ತು ಬೇರೆಡೆ ನೆಡುವ ಮನಸ್ಸಿರಬೇಕು. ಕಬ್ಬಿಣದ ಕಂಬವನ್ನು ಕೀಳಬಹುದು. ಮನೆಯನ್ನು ಕೀಳಲಾಗದು.

ಒಳ್ಳೆಯ ಎಸೆತ ಎಲ್ಲಿ ಬೀಳುತ್ತದೆಂಬುದು ಆಟಗಾರರ ಸಂತೋಷಕ್ಕೆ ಬಿಟ್ಟ ವಿಷಯ. ಕೆಟ್ಟ ಎಸೆತ ಯಾರ ಅಂಗಳದಲ್ಲಿ ಬೀಳುತ್ತದೆಂಬುದು ಊರಿನ ವಿಷಯ. ರಸ್ತೆ, ಚರಂಡಿ, ಕಾರ್ಖಾನೆ, ಕಸದ ಗುಂಡಿ, ಯಾವುದರ ನಕ್ಷೆ ಕಂಡರೂ ಇದೇ ಪ್ರಶ್ನೆ ಕೇಳಬಹುದು: ಲೆಕ್ಕ ತಪ್ಪಿದ ದಿನ ಇದು ಯಾರ ಮೇಲೆ ಬೀಳುತ್ತದೆ, ಅವರನ್ನು ಯಾರಾದರೂ ಕೇಳಿದ್ದಾರೆಯೆ?